ಮಗ್ರಿಬ್‌ಗೆ ಮುಂಚೆ ಹೊರಡುವ ಬ್ಯಾಟ್ಸ್‌ಮನ್

2023ರ ನವೆಂಬರ್‌ನಲ್ಲಿ ನಾನು ದೋಹಾದ ಒಂದು ಭಾರತೀಯ ಶಾಲೆಯಲ್ಲಿ ದೈಹಿಕ ಶಿಕ್ಷಣದ ಶಿಕ್ಷಕನಾಗಿದ್ದೆ. ಅಷ್ಟರಲ್ಲಾಗಲೇ ಹದಿನಾಲ್ಕು ವರ್ಷದ ಸರ್ವಿಸ್ ಆಗಿತ್ತು. ವಾರದ ಐದು ದಿನ ಮಕ್ಕಳ ಹಿಂದೆ ಸೀಟಿ ಊದುವ ಕೆಲಸ. ಶುಕ್ರವಾರ ಮಾತ್ರ ಇನ್ನೊಂದು ಜವಾಬ್ದಾರಿ: ಊರಿನ ಒಂದು ಟಿ-20 ತಂಡಕ್ಕಾಗಿ ಇಲ್ಲಿನ ಕಂಪನಿ ಲೀಗ್‌ಗಳಲ್ಲಿ ಆಡುವ ಹುಡುಗರನ್ನು ನೋಡಿ ವರದಿ ಕಳಿಸುವುದು. ಇದಕ್ಕೆ ಅಸೆಸರ್ ಎಂಬ ಭಾರೀ ಹೆಸರು. ಬಿನ್ ಮಹಮೂದ್ ಬಡಾವಣೆಯ ನನ್ನ ಎರಡು ಕೋಣೆಯ ಫ್ಲ್ಯಾಟೇ ಆಫೀಸು.

ವರದಿ ಎಂದರೆ ಒಂದು ಪುಟದ ಫಾರ್ಮ್. ಬ್ಯಾಟಿನ ವೇಗ, ಹೊಡೆತದ ಬಲ, ಫೀಲ್ಡಿಂಗ್, ಫಿಟ್‌ನೆಸ್, ಕೊನೆಯಲ್ಲಿ ಆ್ಯಟಿಟ್ಯೂಡ್, ಅಂದರೆ ನಡವಳಿಕೆ. ಪ್ರತಿಯೊಂದಕ್ಕೂ ಐದರಲ್ಲಿ ಅಂಕ. ಮೂರು ಶುಕ್ರವಾರ ನೋಡಿ ಅಂಕ ಹಾಕಬೇಕು. ನನಗೆ ಮನುಷ್ಯರನ್ನು ಓದಲು ಬರುತ್ತದೆ ಎಂಬ ಹಮ್ಮಿತ್ತು. ಹಾಗಾಗಿ ಕೊನೆಯ ಕಾಲಂ ಅನ್ನು ಮೊದಲ ದಿನವೇ ತುಂಬಿಬಿಡುತ್ತಿದ್ದೆ.

ಆ ಹುಡುಗನ ಸುದ್ದಿ ತಂದದ್ದು ಅಶ್ರಫ್. ಊರಿನ ಹುಡುಗರಿಗೆಲ್ಲ ಅವರು ಅಶ್ರಫಾಕ, ಅಂದರೆ ಅಶ್ರಫಣ್ಣ. ಸನಯ್ಯಾದಲ್ಲಿ, ಅಂದರೆ ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ, ಒಂದು ಗೋದಾಮಿನ ಸೂಪರ್‌ವೈಸರ್. ಶುಕ್ರವಾರ ಟೀಮಿನ ಕ್ಯಾಪ್ಟನ್.

"ಮಾಸ್ಟ್ರೇ, ನಮ್ಮ ಉಳ್ಳಾಲದ ಹುಡುಗ ಒಬ್ಬ ಉಂಟು, ಶಮೀರ್ ಅಂತ. ನಮ್ಮಲ್ಲೇ ಫೋರ್ಕ್‌ಲಿಫ್ಟ್ ಓಡಿಸುದು. ಅವನು ಹೊಡೆದ ಬಾಲ್ ಹುಡುಕ್ಲಿಕ್ಕೇ ಬೇರೆ ಜನ ಬೇಕು. ನೀವೊಮ್ಮೆ ಬಂದು ನೋಡಿ," ಎಂದು ಫೋನ್ ಮಾಡಿದರು.

ಮೊದಲ ಶುಕ್ರವಾರ ಮಧ್ಯಾಹ್ನ ಹೋದೆ. ಜಲ್ಲಿಕಲ್ಲಿನ ಮೈದಾನ, ಸಿಮೆಂಟಿನ ಮೇಲೆ ಹಾಸಿದ ಮ್ಯಾಟು, ಗಾಳಿಯಲ್ಲಿ ಧೂಳು. ಇಪ್ಪತ್ತೆರಡು ವರ್ಷದ ಶಮೀರ್ ಹನ್ನೊಂದು ಸಿಕ್ಸರ್ ಹೊಡೆದ. ನಾಲ್ಕು ಚೆಂಡು ಆಚೆಯ ಲೇಬರ್ ಕ್ಯಾಂಪಿನ ಗೋಡೆ ದಾಟಿ ಹೋದವು, ವಾಪಸು ಬರಲಿಲ್ಲ. ಬ್ಯಾಟಿನ ಹಿಡಿಗೆ ನಾನು ಅಂಟಿಸಿದ್ದ ಸೆನ್ಸರ್ ತೋರಿಸಿದ ವೇಗವನ್ನು ನಂಬಲಾಗದೆ ಅದನ್ನು ಬಿಚ್ಚಿ ಮತ್ತೊಮ್ಮೆ ಕೂರಿಸಿದೆ. ಅದೇ ಅಂಕಿ ಬಂತು. ನಿಜ ಹೇಳುತ್ತೇನೆ, ಅಂದು ನನಗೆ ಮೈ ಜುಮ್ಮೆಂದಿತ್ತು.

ಫೀಲ್ಡಿಂಗ್‌ಗೆ ನಿಂತಾಗ ಬೇರೆಯೇ ಮನುಷ್ಯ. ಎಡಗಡೆ ಎರಡು ಮಾರು ದೂರದಲ್ಲಿ ಉರುಳಿಹೋದ ಚೆಂಡಿಗೆ ಅವನು ಅಲುಗಾಡಲೇ ಇಲ್ಲ. ಬೌಲರ್ ಬೈದ ಮೇಲೆ ಓಡಿದ. ಆಟ ಮುಗಿದಾಗ ನಾನು ಬದಿಯಿಂದ ಎಸೆದ ನೀರಿನ ಬಾಟಲಿ ಅವನ ಭುಜಕ್ಕೆ ಬಡಿದು ಬಿತ್ತು. "ಸಾರಿ ಸರ್, ನೋಡ್ಲಿಲ್ಲ," ಎಂದು ನಕ್ಕ. ಅಭಿನಂದಿಸಲು ಕೈ ಚಾಚಿದರೆ ಕುಲುಕದೆ ಮುಂದೆ ನಡೆದ. ನನಗೆ ಪಿತ್ತ ನೆತ್ತಿಗೇರಿತು. ಆ್ಯಟಿಟ್ಯೂಡ್: ಎರಡು. ಪಕ್ಕದಲ್ಲಿ 'ಧಿಮಾಕು ಹೆಚ್ಚು' ಎಂದು ಬರೆದೆ.

ಎರಡನೆಯ ಶುಕ್ರವಾರವೂ ಅದೇ ಕತೆ. ಸಿಕ್ಸರ್‌ಗಳು, ಬಿಟ್ಟ ಕ್ಯಾಚು, ಕಾಲಿಗೆ ತೊಡರಿದ ಕಿಟ್ ಬ್ಯಾಗು. ಅಂದು ಆಟ ಸಂಜೆಗೆ ವಾಲಿತ್ತು. ಚಳಿಗಾಲದಲ್ಲಿ ಇಲ್ಲಿ ಐದು ಗಂಟೆಗೂ ಮೊದಲೇ ಸೂರ್ಯ ಮುಳುಗುತ್ತಾನೆ. ಮಗ್ರಿಬ್, ಅಂದರೆ ಸೂರ್ಯಾಸ್ತದ ನಮಾಜಿಗೆ, ಹತ್ತು ನಿಮಿಷ ಇರುವಾಗ ಶಮೀರ್ ಪ್ಯಾಡ್ ಬಿಚ್ಚಿ ಹೊರಟುಬಿಟ್ಟ. ಉಳಿದವರು ಬದಿಯಲ್ಲಿ ಚಾಪೆ ಹಾಸಿ ನಮಾಜ್ ಮಾಡಿ ಮತ್ತೆ ದೀಪದ ಬೆಳಕಿನಲ್ಲಿ ಆಡಿದರು. ಅವನು ಬರಲಿಲ್ಲ.

"ಯಾವಾಗ್ಲೂ ಹೀಗೆಯಾ?" ಎಂದು ಕೇಳಿದೆ.

"ಅವನು ಮಗ್ರಿಬ್ ಹೊತ್ತಿಗೆ ರೂಮಿಗೆ ಹೋಗುದು ಮಾಸ್ಟ್ರೇ. ಒಳ್ಳೇದೇ ಅಲ್ವಾ," ಎಂದರು ಅಶ್ರಫಾಕ.

ಇನ್ನೊಬ್ಬರ ನಮಾಜಿನ ವಿಷಯದಲ್ಲಿ ನಾನೇಕೆ ಮೂಗು ತೂರಿಸಲಿ? ಇಡೀ ಟೀಮು ಎರಡು ವರ್ಷ ಅದನ್ನು ಭಕ್ತಿ ಎಂದುಕೊಂಡು ಗೌರವದಿಂದ ಸುಮ್ಮನಿತ್ತು. ಅವನೂ ಯಾರಿಗೂ ಹಾಗಲ್ಲ ಎಂದು ಹೇಳಿರಲಿಲ್ಲ.

ಮೂರನೆಯ ಶುಕ್ರವಾರದ ನಂತರ ವರದಿ ಕಳಿಸಿದೆ. ಸೋಮವಾರ ಊರಿನಿಂದ ಫೋನ್ ಬಂತು. ಧಿಮಾಕು ಇದ್ದರೆ ನಾವು ಇಳಿಸುತ್ತೇವೆ, ಅಂಥ ಹೊಡೆತಗಾರ ಬೇಕು, ಒಮ್ಮೆ ಎದುರು ಕೂತು ಮಾತಾಡಿ ಶನಿವಾರದೊಳಗೆ ಅಂತಿಮ ಶಿಫಾರಸು ಕೊಡಿ ಎಂದರು. ಅವನು ಇಲ್ಲಿನ ಕೆಲಸ ಬಿಟ್ಟು ಹೋಗಬೇಕು. ಅಲ್ಲಿನ ಪಂದ್ಯಗಳೆಲ್ಲ ಫ್ಲಡ್‌ಲೈಟಿನಲ್ಲಿ.

ಮಂಗಳವಾರ ಶಾಲೆ ಮುಗಿಸಿ ಗೋದಾಮಿಗೆ ಹೋದೆ. ಒಳ್ಳೆಯ ಸುದ್ದಿ ಒಯ್ಯುವ ಉಮೇದಿನಲ್ಲಿದ್ದೆ. ನಡೆದು ಹೋಗುವವರಿಗಾಗಿ ಬಳಿದ ಹಳದಿ ಗೆರೆಯ ಒಳಗೇ ನಿಂತಿದ್ದೆ. ಶಮೀರ್ ಎರಡಾಳೆತ್ತರದ ಕಪಾಟುಗಳ ನಡುವಿನಿಂದ ಫೋರ್ಕ್‌ಲಿಫ್ಟ್ ತಿರುಗಿಸಿಕೊಂಡು ಬಂದ. ನಾನು ಬದಿಯಿಂದ ಕೈ ಎತ್ತಿದೆ. ಅವನ ಮುಖ ನೆಟ್ಟಗೆ ಮುಂದಕ್ಕೇ ಇತ್ತು, ತೀರಾ ಶಾಂತವಾಗಿತ್ತು. ಗಾಡಿ ಗೆರೆ ದಾಟಿ ನನ್ನ ಕಡೆಗೇ ಸರಿಯಿತು. ಎದುರಿನಿಂದ ಅಶ್ರಫಾಕ ಕಿರುಚಿದರು. ಕಬ್ಬಿಣದ ಎರಡು ಅಲಗುಗಳು ನನ್ನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ ಹಾದು ಹಿಂದಿನ ರಟ್ಟಿನ ಪೆಟ್ಟಿಗೆಗಳಿಗೆ ಚುಚ್ಚಿದವು.

ಶಮೀರ್ ಇಳಿದು ತಲೆ ಇಡಿಯಾಗಿ ತಿರುಗಿಸಿ ನನ್ನನ್ನು ಕಂಡ. "ಅಯ್ಯೋ ಸರ್, ನೀವು ಯಾವಾಗ ಬಂದದ್ದು?"

ಆ ಮಾತು ಕೇಳಿದಾಗ ಹೆದರಿದಷ್ಟು ನಾನು ಗಾಡಿಗೂ ಹೆದರಿರಲಿಲ್ಲ. ಬಾಟಲಿ, ಚಾಚಿದ ಕೈ, ಎಡಗಡೆಯ ಚೆಂಡು, ಸಂಜೆ, ಎಲ್ಲ ಒಟ್ಟಿಗೇ ನೆನಪಾದವು.

ಕ್ಯಾಂಟೀನಿನಲ್ಲಿ ಅವನನ್ನು ಎದುರು ಕೂರಿಸಿದೆ. ಶಾಲೆಯ ಆರೋಗ್ಯ ಶಿಬಿರದಲ್ಲಿ ಡಾಕ್ಟರೊಬ್ಬರು ಕಲಿಸಿದ ಸರಳ ಪರೀಕ್ಷೆಯೊಂದಿತ್ತು. "ನನ್ನ ಮೂಗನ್ನೇ ನೋಡು. ಬೆರಳು ಕಂಡ ಕೂಡಲೇ ಹೇಳು," ಎಂದು ಎರಡೂ ಕೈ ಬದಿಗೆ ಚಾಚಿ ಮೆಲ್ಲಗೆ ಒಳಕ್ಕೆ ತಂದೆ. ಬೆರಳುಗಳು ಹೆಚ್ಚುಕಡಿಮೆ ನನ್ನ ಕಿವಿಯ ಹತ್ತಿರ ಬರುವ ತನಕ ಅವನು ಏನೂ ಹೇಳಲಿಲ್ಲ.

"ನಿನಗೆ ಗೊತ್ತುಂಟು," ಎಂದೆ.

"ಗೊತ್ತುಂಟು ಸರ್. ಎದುರಿನದ್ದು ಚಂದ ಕಾಣ್ತದೆ. ಬಾಲ್‌ನ ಹೊಲಿಗೆ ಸಹ ಕಾಣ್ತದೆ. ಬದಿಯದ್ದು ಇಲ್ಲ. ಕತ್ತಲಾದ್ರೆ ಎಂತದೂ ಇಲ್ಲ. ನನ್ನ ಮಾಮನಿಗೆ ಹೀಗೇ ಶುರುವಾದದ್ದು. ಮೂವತ್ತೈದಕ್ಕೆ ಪೂರ್ತಿ ಹೋಯ್ತು." ಲೈಸೆನ್ಸಿನ ಹೊತ್ತಿನಲ್ಲಿ ಗೋಡೆಯ ಮೇಲಿನ ಅಕ್ಷರ ಓದಿಸಿದ್ದರಂತೆ. ಅದು ಎದುರಿಗೇ ಇತ್ತು, ಓದಿದ್ದ.

ಆಮೇಲೆ ನನ್ನ ಕೈ ಹಿಡಿದುಕೊಂಡ. "ಇದು ಹೊರಗೆ ಬಿದ್ರೆ ಕೆಲಸ ಖಲಾಸ್, ಆಟ ಖಲಾಸ್. ಒಂದೇ ಒಂದು ಸೀಸನ್ ಸರ್. ಇಡೀ ಊರು ನನ್ನ ಹೊಡೆತ ನೋಡ್ಲಿ. ಮತ್ತೆ ಏನಾದ್ರೂ ಆಗ್ಲಿ."

ರಾತ್ರಿಯ ದೀಪದಲ್ಲಿ ಗಂಟೆಗೆ ನೂರ ಮೂವತ್ತು ಕಿಲೋಮೀಟರ್ ವೇಗದಲ್ಲಿ ಬರುವ ಚೆಂಡಿನ ಎದುರು ಈ ಮುಖವನ್ನು ನಿಲ್ಲಿಸುವ ಸಹಿ ನನ್ನದಾಗಬೇಕಿತ್ತು. ಇವತ್ತಿಗೂ ಒಪ್ಪಿಕೊಳ್ಳುತ್ತೇನೆ, ಒಂದು ಕ್ಷಣ ನನಗೂ ಆಸೆಯಾಯಿತು. ಅಂಥ ಹೊಡೆತವನ್ನು ನಾನು ಮತ್ತೆ ನೋಡಿಲ್ಲ.

"ಇವತ್ತೇ ನೀನು ಗಾಡಿಯಿಂದ ಇಳಿಯಬೇಕು. ಅಶ್ರಫಾಕನಿಗೆ ನೀನು ಹೇಳ್ತೀಯಾ, ನಾನು ಹೇಳಲಾ?" ಎಂದೆ.

ಅವನೇ ಹೇಳಿದ. ಅಶ್ರಫಾಕ ಬೈಯಲಿಲ್ಲ. ಗಾಡಿಯ ಕೀಲಿ ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು. ಗುರುವಾರ ಕಣ್ಣಿನ ಡಾಕ್ಟರು ಹೆಸರು ಹೇಳಿದರು: ರೆಟಿನೈಟಿಸ್ ಪಿಗ್ಮೆಂಟೋಸಾ, ಕಣ್ಣಿನ ಒಳಪದರ ಅಂಚಿನಿಂದ ನಡುವಿನ ಕಡೆಗೆ ಸಾಯುತ್ತಾ ಬರುವ ಕಾಯಿಲೆ. ಎಷ್ಟು ವರ್ಷ ಎಂದು ಕೇಳಿದ್ದಕ್ಕೆ ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಎಂದರು.

ಶನಿವಾರ ಅವನು ನನ್ನ ಫ್ಲ್ಯಾಟಿಗೆ ಬಂದ. 'ಶಿಫಾರಸು ಇಲ್ಲ' ಎಂದು ಬರೆದಾಗಿತ್ತು, ಕಾರಣದ ಜಾಗ ಖಾಲಿ ಇತ್ತು. ಆ್ಯಟಿಟ್ಯೂಡಿನ ಎರಡನ್ನು ಹೊಡೆದುಹಾಕಲು ಪೆನ್ನು ಎತ್ತಿದ್ದೆ. ಅವನು ತಡೆದ.

"ಧಿಮಾಕು ಅಂತಲೇ ಇರ್ಲಿ ಸರ್. ನೀವು ಬರೆದದ್ದು ಊರಿಡೀ ಗೊತ್ತಾಗ್ತದೆ. ಮಾಮನನ್ನು ಕೈಹಿಡಿದು ನಡೆಸಿದ್ದು ನನ್ನ ಉಮ್ಮ. ಮಗ ಧಿಮಾಕಿನಿಂದ ಕೆಟ್ಟ ಅಂದ್ರೆ ಉಮ್ಮ ತಡ್ಕೊಳ್ತಾರೆ. ಕಣ್ಣು ಅಂದ್ರೆ ತಡ್ಕೊಳ್ಳುದಿಲ್ಲ."

ಹಾಗೆಯೇ ಕಳಿಸಿದೆ. ನಾನು ತಪ್ಪಾಗಿ ಹಾಕಿದ ಅಂಕ ಊರಿನ ಆ ಫೈಲಿನಲ್ಲಿ ಈಗಲೂ ಇದೆ. ಅದನ್ನು ನೆನೆದಾಗಲೆಲ್ಲ ನಾಚಿಕೆಯಾಗುತ್ತದೆ.

ಕಂಪನಿ ಅವನನ್ನು ಸ್ಟಾಕ್ ಲೆಕ್ಕದ ಮೇಜಿಗೆ ಹಾಕಿತು. ಅಲ್ಲಿ ನೋಡಬೇಕಾದ ಪರದೆ ಎದುರಿಗೇ ಇದೆ. ಕಳೆದ ವರ್ಷ ಉಮ್ಮನಿಗೆ ಅವನೇ ವಿಷಯ ಹೇಳಿದ. ಹೆಸರು ಬದಲಿಸಿ ಬರೆಯಿರಿ ಎಂದು ನನಗೂ ಅನುಮತಿ ಕೊಟ್ಟ. ನನ್ನ ಕೆಲಸ ನಾನು ಈಗ ಉಲ್ಟಾ ಮಾಡುತ್ತೇನೆ. ಹೊಸ ಹುಡುಗ ಬಂದರೆ ಮೊದಲು ಬದಿಯಿಂದ ಬಾಟಲಿ ಎಸೆಯುತ್ತೇನೆ, ಸಿಕ್ಸರ್ ಆಮೇಲೆ ನೋಡುತ್ತೇನೆ. ಹಿಡಿಯದಿದ್ದರೆ ಬೈಯುವ ಮುಂಚೆ ಯಾಕೆಂದು ಕೇಳುತ್ತೇನೆ. ಕೊನೆಯ ಕಾಲಂ ಕೊನೆಗೇ ತುಂಬುತ್ತೇನೆ.

ಶಮೀರ್ ಈಗಲೂ ಶುಕ್ರವಾರ ಬರುತ್ತಾನೆ, ಟೆನಿಸ್ ಬಾಲ್‌ನಲ್ಲಿ ನಾಲ್ಕು ಓವರ್ ಹೊಡೆಯುತ್ತಾನೆ. ಮೊದಲು ಮಗ್ರಿಬ್‌ಗೆ ಹತ್ತು ನಿಮಿಷ ಮುಂಚೆ ಹೊರಡುತ್ತಿದ್ದ. ಈ ಚಳಿಗಾಲ ಮುಕ್ಕಾಲು ಗಂಟೆ ಮುಂಚೆ, ಬಿಸಿಲು ಇನ್ನೂ ಇರುವಾಗಲೇ, ಬ್ಯಾಟ್ ಕೆಳಗಿಡುತ್ತಾನೆ. ಅಶ್ರಫಾಕ ಎದ್ದು ಅವನ ಎದುರಿಗೆ ಹೋಗಿ ನಿಂತು, ಅವನಿಗೆ ಕಾಣುವ ಹಾಗೆ ಕೈ ಚಾಚುತ್ತಾರೆ.