ಗಂಧೆಯಿಲ್ಲದ ಪಿತ್ತ

ನಮ್ಮ ಅತ್ತೆಯ ಲೆಕ್ಕದಲ್ಲಿ ಯಾರಿಗೆ ಏನಾದರೂ ಅದು ಪಿತ್ತವೇ. ತಲೆ ಸುತ್ತಿದರೆ ಪಿತ್ತ, ಸಿಟ್ಟು ಬಂದರೂ ಪಿತ್ತ. ಬಸುರಿನ ಎಂಟನೇ ತಿಂಗಳಲ್ಲಿ ನನ್ನ ಅಂಗೈ, ಅಂಗಾಲು ತುರಿಸತೊಡಗಿದಾಗ ಅವರು ಯೋಚನೆಯನ್ನೇ ಮಾಡಲಿಲ್ಲ.

"ಪಿತ್ತದ ಗಂಧೆ ಕಣೇ. ಕಂಬಳೀಲಿ ಉಜ್ಕೊ, ಪುನರ್ಪುಳಿ ಸಾರು ಕುಡಿ, ಹೋಗ್ತದೆ."

ನನಗೆ ನಗು ಬಂತು. ಡಿಗ್ರಿ ಓದಿದವಳಲ್ಲವೇ! ಅಂಗಳದಲ್ಲಿ ಒಣಹಾಕಿದ ಬಟ್ಟೆಗೆ ಹಾಲುವಾಣದ ಮರದಿಂದ ಕಂಬಳಿಹುಳ ಬಿದ್ದಿರಬೇಕೆಂದು ನಾನೇ ತೀರ್ಮಾನಿಸಿ, ಬಟ್ಟೆಯನ್ನೆಲ್ಲ ಕುದಿಯುವ ನೀರಿಗೆ ಹಾಕಿದೆ. ಅವರ ಪಿತ್ತ, ನನ್ನ ಹುಳ ಎಂದು ವಾದ ಮಾಡುತ್ತಲೇ ಹತ್ತು ದಿನ ಕಳೆದೆವು. ಕಂಬಳಿಯಿಂದ ಉಜ್ಜಿ ಉಜ್ಜಿ ಪಾದದ ಚರ್ಮ ಕಿತ್ತುಬಂದರೂ ತುರಿಕೆ ಒಳಗೇ ಇತ್ತು. ನಿದ್ದೆಯಿಲ್ಲದೆ ಎಲ್ಲರ ಮೇಲೂ ಹರಿಹಾಯುತ್ತಿದ್ದೆ.

ಮನೆಗೆ ಬಂದ ಆಶಾ ಕಾರ್ಯಕರ್ತೆ ನನ್ನ ಕೈ ತಿರುಗಿಸಿ ನೋಡಿದಳು.

"ಗಂಧೆ ಎಲ್ಲಿ ಅಕ್ಕ?"

ಒಂದು ಗುಳ್ಳೆಯೂ ಇರಲಿಲ್ಲ, ಬರೀ ಉಗುರಿನ ಗೀರು.

"ಉಚ್ಚೆ ಕಡು ಹಳದಿ ಹೋಗ್ತದಾ?"

ಹೌದೆಂದೆ. ಅವಳ ಮುಖ ಸಣ್ಣಗಾಯಿತು.

"ಈಗ್ಲೇ ಹೊರಡಿ ಮಾರಾಯ್ತಿ. ಮೂಡಿಗೆರೆ ಆಸ್ಪತ್ರೆಗೆ ಹೋಗುವ."

ಕಾಫಿ ಕಣದಲ್ಲಿದ್ದ ನನ್ನ ಗಂಡ ಜೀಪು ತೆಗೆದರು, ಅತ್ತೆಯೂ ಹತ್ತಿದರು.

ರಕ್ತದ ರಿಪೋರ್ಟ್ ನೋಡಿ ಡಾಕ್ಟರು, "ಪಿತ್ತರಸ ಲಿವರ್‌ನಿಂದ ಸರಿಯಾಗಿ ಇಳೀದೆ ರಕ್ತಕ್ಕೆ ಸೇರ್ತಿದೆ. ಬಸುರಾದಾಗ ಕೆಲವರಿಗೆ ಹೀಗಾಗತ್ತೆ" ಎಂದರು.

ಅತ್ತೆ ನನ್ನ ಪಕ್ಕೆಗೆ ತಿವಿದರು. "ನಾ ಹೇಳ್ಲಿಲ್ವಾ, ಪಿತ್ತ ಅಂತ!"

"ತಾಯಿಗೆ ತುರಿಕೆ. ಆದ್ರೆ ರಕ್ತದಲ್ಲಿ ಆ ಪಿತ್ತರಸ ತುಂಬ ಏರಿದ್ರೆ ಮಗು ಹೊಟ್ಟೇಲೇ ಹೋಗ್ಬಿಡಬಹುದು" ಎಂದರು ಡಾಕ್ಟರು.

ತಿವಿದ ಕೈ ಅಲ್ಲೇ ನಿಂತಿತು. ಡಾಕ್ಟರು ಮಾತ್ರೆ ಬರೆದರು. ವಾರವಾರ ರಕ್ತ ನೋಡಬೇಕು, ಏರುತ್ತಾ ಹೋದರೆ ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕು ಎಂದರು. ಆಮೇಲೆ ಕೇಳಿದರು, "ಇವತ್ತು ಮಗು ಒದ್ದಿದ್ಯಾ?"

ನನಗೆ ನೆನಪಾಗಲಿಲ್ಲ. ಬೆಳಗಿನಿಂದ ತುರಿಸಿಕೊಳ್ಳುವುದರಲ್ಲೇ ಇದ್ದೆ. ನರ್ಸ್ ನನ್ನನ್ನು ಮಲಗಿಸಿ ಹೊಟ್ಟೆಯ ಮೇಲೆ ಎದೆಬಡಿತ ಕೇಳುವ ಯಂತ್ರವನ್ನು ಅಲ್ಲಿ ಇಲ್ಲಿ ಒತ್ತಿ ಹುಡುಕಿದಳು. ಬರೀ ಗರಗರ. ಅತ್ತೆ ನನ್ನ ಚರ್ಮ ಕಿತ್ತ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಕೊನೆಗೆ ಟಕಟಕ ಸದ್ದು ಬಂತು.

"ಇದು ಮಗೂದಾ, ಇವಳದಾ?" ಅತ್ತೆ ಕೇಳಿದರು.

"ಮಗೂದೇ ಅಮ್ಮ."

ಮಗಳು ಮೂರು ವಾರ ಮೊದಲೇ ಹುಟ್ಟಿದಳು, ಗಟ್ಟಿಯಾಗಿ ಅತ್ತಳು. ಕೆಲವೇ ದಿನಗಳಲ್ಲಿ ನನ್ನ ತುರಿಕೆಯೂ ಹೋಯಿತು. ಈಗ ಅವಳು ನನ್ನಂತೆಯೇ ಸಿಟ್ಟಿನವಳು. ತಟ್ಟೆ ತಳ್ಳಿ ಕೂಗಾಡುತ್ತಾಳೆ. ಅತ್ತೆ "ಇವಳಿಗೂ ಪಿ..." ಎಂದು ಶುರುಮಾಡಿ, ಅಲ್ಲಿಗೇ ನಿಲ್ಲಿಸಿ, ಅವಳನ್ನು ಎತ್ತಿಕೊಳ್ಳುತ್ತಾರೆ.