ಐದು ಮನೆಗೆ ಒಂದು ಮೀಟರ್, ಮೂರು ಊರಿಗೆ ಒಬ್ಬ ಮುನಿಗಂಗಮ್ಮ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಮುನಿಗಂಗಮ್ಮ ಯಾರದೋ ಮನೆಯ ಜಗಲಿಯ ಮೇಲೆ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಹತ್ತಿ ನಿಂತಿದ್ದಾರೆ. ವಿದ್ಯುತ್ ಮೀಟರ್ ಇರುವುದು ಸೂರಿನ ಕೆಳಗೆ, ಕೈಗೆಟುಕದ ಎತ್ತರದಲ್ಲಿ. ಹಬ್ಬಕ್ಕೆ ಗೋಡೆಗೆ ಬಣ್ಣ ಹೊಡೆದ ಮನೆಯವರು ಮೀಟರಿನ ಗಾಜಿಗೂ ಎರಡು ಕೈ ಎಳೆದಿದ್ದಾರೆ. ಸೀರೆಯ ಸೆರಗಿನಿಂದ ತಿಕ್ಕಿ, ಉಗುರಿನಿಂದ ಕೆರೆದು, ಕೊನೆಗೂ ಅಂಕಿ ಕಾಣುವಷ್ಟು ಕಿಂಡಿ ಮಾಡಿಕೊಳ್ಳುತ್ತಾರೆ.

"ಹೋದ್ ತಿಂಗ್ಳೂ ಹೇಳ್ದೆ, ಅದರ ಹಿಂದಿನ್ ತಿಂಗ್ಳೂ ಹೇಳ್ದೆ. ಗೋಡೆಗೆ ಬಣ್ಣ ಹೊಡ್ಕಳ್ರಪ್ಪಾ, ಮೀಟರ್‌ಗ್ಯಾಕೆ ಹೊಡೀತೀರಾ?" ಎಂದು ಬಾಗಿಲ ಕಡೆ ನೋಡಿ ಕೇಳುತ್ತಾರೆ. ಒಳಗೆ ಕುಕ್ಕರ್ ಕೂಗುತ್ತದೆ.

ದೊಡ್ಡಬಳ್ಳಾಪುರ ತಾಲ್ಲೂಕಿನ ಮೂರು ಹಳ್ಳಿಗಳಿಗೆ ಇವರು ಗ್ರಾಮ ವಿದ್ಯುತ್ ಪ್ರತಿನಿಧಿ. ಹೆಸರು ದೊಡ್ಡದು, ಕೆಲಸ ಇಷ್ಟೆ: ತಿಂಗಳ ಮೊದಲ ಹದಿನೈದು ದಿನ ಮನೆಮನೆಗೆ ಹೋಗಿ ಮೀಟರ್ ಓದುವುದು, ಕೊರಳಿಗೆ ನೇತುಹಾಕಿಕೊಂಡ ಮಷಿನ್ನಿನಲ್ಲಿ ಬಿಲ್ ಹರಿದುಕೊಡುವುದು. ಬೈಸಿಕೊಳ್ಳುವುದು ನೇಮಕಾತಿ ಪತ್ರದಲ್ಲಿ ಇರಲಿಲ್ಲ. ಈಗ ಅದೇ ದೊಡ್ಡ ಕೆಲಸವಾಗಿದೆ. ಆ ಮೂರು ಊರುಗಳ ಹೆಸರು ಬರೆಯಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ. "ಇರೋ ತಲೆನೋವೇ ಸಾಕು" ಎಂಬುದು ಅವರು ಕೊಟ್ಟ ಕಾರಣ.

ಇಷ್ಟು ಬೆಳಿಗ್ಗೆ ಹೊರಡುವುದಕ್ಕೂ ಕಾರಣವಿದೆ. ಈ ಊರುಗಳ ಹೆಂಗಸರು ಅರ್ಧಕ್ಕರ್ಧ ಗಾರ್ಮೆಂಟ್ಸಿಗೆ ಹೋಗುವವರು. ಏಳಕ್ಕೆ ಕಂಪನಿ ಬಸ್ಸು. ಅದು ಹೋದಮೇಲೆ ಬಂದರೆ ಬಾಗಿಲಿಗೆ ಬೀಗ. ಬೀಗ ಇದ್ದರೆ ಹಳೆಯ ತಿಂಗಳುಗಳ ಸರಾಸರಿ ಹಿಡಿದು ಬಿಲ್ ಹಾಕಬೇಕು. "ಆವರೇಜ್ ಹಾಕಿದ್ರೆ ಮುಂದಿನ್ ತಿಂಗ್ಳು ಜಗಳ. ಅದಕ್ಕಿಂತ ನಾಲ್ಕೂವರೆಗೆ ಎದ್ದು ಮುದ್ದೆ ತಿರುವಿಟ್ಟು ಬರೋದೇ ವಾಸಿ."

ಎರಡು ಮನೆ ದಾಟುವಷ್ಟರಲ್ಲಿ ಪಾಪಕ್ಕ ಎದುರಾಗುತ್ತಾರೆ. ಎಪ್ಪತ್ತರ ಹತ್ತಿರದ ಹೆಂಗಸು. ಮನೆ ಮುಂದಿನ ಚಿಲ್ಲರೆ ಅಂಗಡಿ ಮುಚ್ಚಿ ವರ್ಷವಾಯಿತು. ಆದರೂ ಅಂಗಡಿಯ ಮೀಟರಿಗೆ ಬಿಲ್ ಬರುತ್ತಲೇ ಇದೆ.

"ಒಂದ್ ದೀಪ ಹಚ್ಚಿಲ್ವಲ್ಲೇ ಗಂಗಮ್ಮ, ಇದ್ಯಾವ ನ್ಯಾಯ?"

ಮುನಿಗಂಗಮ್ಮ ಕಣ್ಣು ಮುಚ್ಚಿ ಒಂದು ಉಸಿರು ಎಳೆದುಕೊಳ್ಳುತ್ತಾರೆ. ಈ ಪಾಠ ಅವರಿಗೆ ಬಾಯಿಪಾಠ. "ಪಾಪಕ್ಕ, ಮಗಳ ಮದ್ವೆಗೆ ಐನೂರ್ ಜನದ ಛತ್ರ ಹಿಡ್ದೆ ಅಂತಿಟ್ಕೋ. ಬಂದಿದ್ದು ಐವತ್ತೇ ಜನ. ಛತ್ರದೋನು ಬಾಡ್ಗೆ ಕಮ್ಮಿ ಮಾಡ್ತಾನಾ? ಇಲ್ಲ. ನೀನು ಫ್ರಿಡ್ಜು, ಜ್ಯೂಸ್ ಮಷಿನ್ನು ಅಂತ ಮೂರು ಕಿಲೋವ್ಯಾಟ್ ಲೋಡ್ ತಗೊಂಡಿದ್ದೆ. ಉರಿಸ್ಲಿ ಬಿಡ್ಲಿ, ಆ ಮೂರಕ್ಕೆ ತಿಂಗ್ಳು ತಿಂಗ್ಳು ನಿಗದಿತ ಶುಲ್ಕ ಬೀಳುತ್ತೆ. ಅಂಗಡಿ ಬೇಡಾಂದ್ರೆ ಮೀಟರ್ ತೆಗೆಸು, ಬೇಕೂಂದ್ರೆ ಲೋಡ್ ಇಳಿಸ್ಕೋ. ಒಂದ್ ಅರ್ಜಿ ಕೊಡು, ನಾನೇ ಬರ್ಕೊಡ್ತೀನಿ."

"ಆಗ್ಲಿ ಬಿಡವ್ವ. ಬರೋ ತಿಂಗ್ಳು ಕೊಡಾನ."

"ಹನ್ನೆರಡ್ನೇ ಸಲ ಇದು" ಎಂದು ನನ್ನ ಕಡೆ ತಿರುಗಿ ಹೇಳಿ, ಮುಂದಿನ ಗೇಟು ತಳ್ಳುತ್ತಾರೆ.

ಮುನಿಗಂಗಮ್ಮನವರಿಗೆ ನಲವತ್ತೇಳು ವರ್ಷ. ತವರು ನೆಲಮಂಗಲದ ಹತ್ತಿರದ ಅರಿಶಿನಕುಂಟೆ, ಕೊಟ್ಟಿದ್ದು ರಾಜಘಟ್ಟಕ್ಕೆ. ಗಂಡ ರವಿಚಂದ್ರ ಪೇಟೆಯಲ್ಲಿ ಪವರ್‌ಲೂಮ್ ಓಡಿಸುತ್ತಾರೆ. ಇಪ್ಪತ್ತು ವರ್ಷದ ಹಿಂದೆ ಎಸ್ಸೆಸ್ಸೆಲ್ಸಿ ಪಾಸಾದವರು ಬೇಕು ಎಂದು ಪಂಚಾಯ್ತಿ ಗೋಡೆಗೆ ಚೀಟಿ ಅಂಟಿಸಿದಾಗ ಅರ್ಜಿ ಹಾಕಿದ್ದು ಇಬ್ಬರೇ. ಇನ್ನೊಬ್ಬ ನಾಯಿ ಕಚ್ಚಿದ ಮೂರನೇ ವಾರಕ್ಕೆ ಬಿಟ್ಟುಹೋದ. ಇವರಿಗೂ ಇದುವರೆಗೆ ನಾಲ್ಕು ಸಲ ಕಚ್ಚಿದೆ. ಎರಡು ಸಲ ಒಂದೇ ನಾಯಿ.

ಒಟ್ಟು ಏಳುನೂರ ಮೂವತ್ತು ಮೀಟರ್. ದಿನಕ್ಕೆ ಐವತ್ತರಿಂದ ಅರವತ್ತು. ಓದಿದ ಮನೆಗೆ ಇಷ್ಟು ಎಂದು ಕೂಲಿ, ಗುತ್ತಿಗೆಯ ಕೆಲಸ, ಸ್ಕೂಟರಿನ ಪೆಟ್ರೋಲು ತಮ್ಮದೇ. ದರ ಏರಿದರೆ ಇವರನ್ನು ಕೇಳುತ್ತಾರೆ, ಬಿಲ್ಲಿನಲ್ಲಿ ಹೊಸ ಸಾಲೊಂದು ಕಂಡರೆ ಇವರನ್ನು ಕೇಳುತ್ತಾರೆ, ಗಾಳಿಗೆ ತಂತಿ ಬಿದ್ದರೂ ಇವರನ್ನೇ ಕೇಳುತ್ತಾರೆ. "ನಾನೇನ್ ಕರೆಂಟ್ ತಯಾರು ಮಾಡ್ತೀನಾ? ಓದೋಳು ನಾನು. ಥರ್ಮಾಮೀಟರ್ ನೋಡಿ ಜ್ವರ ಇದೆ ಅಂದ್ರೆ ನರ್ಸಮ್ಮನ್ನ ಹೊಡೀತಾರಾ?"

ಇವರ ಬಗ್ಗೆ ನನಗೆ ಹೇಳಿದ್ದು ಚಂದನ ಎಂಬ ಹೆಣ್ಣುಮಗಳು. ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವರು. ಎರಡು ವರ್ಷದ ಹಿಂದೆ ಅವರಿದ್ದ ಮನೆಯಲ್ಲಿ ನಡೆದ ಸಂಗತಿ ಇಲ್ಲದಿದ್ದರೆ ಈ ಲೇಖನವೂ ಇರುತ್ತಿರಲಿಲ್ಲ.

ಆ ಮನೆಯ ಮಾಲೀಕರು ಮನೋಹರ್. ಕೆಳಗೆ ಅವರ ಸಂಸಾರ, ಮೇಲೆ ಎರಡು ಮಹಡಿ, ಬಾಡಿಗೆಗೆ ನಾಲ್ಕು ಮನೆ. ಐದೂ ಮನೆಗೆ ವಿದ್ಯುತ್ ಕಂಪನಿಯ ಮೀಟರ್ ಒಂದೇ. ಬಾಡಿಗೆಯವರಿಗೆ ಮನೋಹರ್ ತಾವೇ ಅಂಗಡಿಯಿಂದ ಪುಟ್ಟ ಸಬ್ ಮೀಟರ್ ತಂದು ಹಾಕಿ, ಯೂನಿಟ್ಟಿಗೆ ಹತ್ತು ರೂಪಾಯಿ ವಸೂಲಿ ಮಾಡುತ್ತಿದ್ದರು. ಇನ್ನೂರು ಯೂನಿಟ್‌ವರೆಗೆ ಉಚಿತ ಎಂದು ಸರ್ಕಾರ ಹೇಳಿದಮೇಲೂ ಈ ನಾಲ್ಕು ಮನೆಯವರಿಗೆ ಒಂದು ಯೂನಿಟ್ಟೂ ಉಚಿತವಾಗಲಿಲ್ಲ.

ಒಂದು ಬೆಳಿಗ್ಗೆ ಮುನಿಗಂಗಮ್ಮ ಮೀಟರ್ ಓದುತ್ತಿದ್ದಾಗ ಚಂದನ ಮೆಟ್ಟಿಲಿಳಿದು ಬಂದು ಜಗಳಕ್ಕೇ ನಿಂತರು. "ಟೀವೀಲಿ ಫ್ರೀ ಫ್ರೀ ಅಂತಾರೆ. ನಾನ್ ಐನೂರೈವತ್ತು ಕಟ್ತಿದೀನಿ. ನೀವೂ ಅವ್ರೂ ಸೇರ್ಕೊಂಡು ತಿಂತಿದೀರಾ?"

ಆ ಮಾತು ಮುನಿಗಂಗಮ್ಮನವರಿಗೆ ನಾಟಿತು. "ತಿಂತೀನಿ ಅಂದ್ಬಿಟ್ಲಲ್ಲ ಅಂತ ಮೈಯೆಲ್ಲಾ ಉರೀತು. ಬಾರೇ ಇಲ್ಲಿ, ಕೂತ್ಕೋ, ಬಸ್ ಹೋದ್ರೆ ಹೋಗ್ಲಿ ಅಂದೆ." ಮೆಟ್ಟಿಲ ಮೇಲೆ ಕೂರಿಸಿ ವಿವರಿಸಿದರು. ಉಚಿತದ ಲೆಕ್ಕ ಇರುವುದು ಮೀಟರಿಗೆ, ಮನೆಗಲ್ಲ. ಐದೂ ಮನೆ ಸೇರಿ ತಿಂಗಳಿಗೆ ಮುನ್ನೂರ ಹತ್ತು ಯೂನಿಟ್ ಓಡುತ್ತದೆ. ಇನ್ನೂರು ದಾಟಿತೆಂದರೆ ದಾಟಿದ್ದಕ್ಕೆ ಮಾತ್ರ ಅಲ್ಲ, ಪೂರ್ತಿ ಮುನ್ನೂರ ಹತ್ತಕ್ಕೂ ಬಿಲ್. ಪ್ರತಿ ಮನೆಗೆ ಬೇರೆ ಮೀಟರ್ ಇದ್ದರೆ ಬಾಡಿಗೆಯ ನಾಲ್ಕೂ ಮನೆಯದು ಐವತ್ತೈದು, ಅರವತ್ತರ ಒಳಗೆ. ಅದಕ್ಕೆ ಮಾಲೀಕರು ಸಹಿ ಹಾಕಿ ಅರ್ಜಿ ಕೊಡಬೇಕು.

ಚಂದನ ಅವರಿಗೆ ಅರ್ಥವಾಯಿತು. ಆ ತಿಂಗಳು ಅವರು ಮನೋಹರ್‌ಗೆ ಕರೆಂಟಿನ ಹಣ ಕೊಡಲಿಲ್ಲ. ಬೇರೆ ಮೀಟರ್ ಹಾಕಿಸಿಕೊಡಿ, ಆಮೇಲೆ ಮಾತಾಡೋಣ ಎಂದರು. ನಾಲ್ಕನೇ ದಿನ ಮನೋಹರ್ ಬಂದು ಚಂದನ ಅವರ ಮನೆಯ ಫ್ಯೂಸ್ ಕಿತ್ತರು.

ಚಂದನ ಅವರ ಮೂರು ವರ್ಷದ ಮಗುವಿಗೆ ಉಬ್ಬಸ. ಉಸಿರು ಕಟ್ಟಿದಾಗ ಔಷಧಿಯ ಆವಿ ಕೊಡುವ ಯಂತ್ರಕ್ಕೆ ಕರೆಂಟ್ ಬೇಕು. ಅವತ್ತು ಸಂಜೆ ಮಗು ಉಸಿರು ಎಳೆದುಕೊಳ್ಳತೊಡಗಿತು. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಯಂತ್ರ ಹಿಡಿದು, ಚಪ್ಪಲಿಯನ್ನೂ ಮೆಟ್ಟದೆ ರಸ್ತೆ ದಾಟಿ ಎದುರಿನ ಬೀಡಾ ಅಂಗಡಿಯ ಪ್ಲಗ್ಗಿಗೆ ಹಾಕಿಸಿಕೊಂಡರು. ಮಗು ಸುಧಾರಿಸಿಕೊಂಡಿತು.

ಮಾರನೇ ದಿನ ಸುದ್ದಿ ಕೇಳಿದ ಮುನಿಗಂಗಮ್ಮ ನೇರ ಮನೋಹರ್ ಮನೆಗೆ ಹೋದರು. ಗೇಟು ತೆಗೆಯಲಿಲ್ಲ. ಆ ವಾರದಲ್ಲಿ ಮತ್ತೆರಡು ಸಲ ಹೋದರು. ಆಗಲೂ ತೆಗೆಯಲಿಲ್ಲ. ಕೊನೆಗೆ ಹೊರಗಿನಿಂದಲೇ ಕೂಗಿದರು: "ಕರೆಂಟ್ ಕೀಳೋ ಅಧಿಕಾರ ಇರೋದು ಕಂಪ್ನಿಗೆ ಸಾರ್, ನಿಮ್ಗಲ್ಲ. ಫ್ಯೂಸ್ ಹಾಕ್ಲಿಲ್ಲ ಅಂದ್ರೆ ನಾನೇ ಬರ್ದು ಕೊಡ್ತೀನಿ." ಅರ್ಧ ಗಂಟೆಯಲ್ಲಿ ಫ್ಯೂಸ್ ಬಂತು. ಎರಡು ದಿನಕ್ಕೆ ಇವರ ಮೇಲೆ ದೂರೂ ಹೋಯಿತು. ಬಾಡಿಗೆಯವರನ್ನು ಎತ್ತಿಕಟ್ಟುತ್ತಾಳೆ, ರೀಡಿಂಗ್ ಸರಿಯಾಗಿ ಬರೆಯುವುದಿಲ್ಲ ಎಂದು.

ವಿಚಾರಣೆ ಮುಗಿಯುವವರೆಗೆ ಮಷಿನ್ ಒಪ್ಪಿಸಿ ಎಂದು ಕಚೇರಿಯಿಂದ ಹೇಳಿಕಳಿಸಿದರು. ಇಪ್ಪತ್ತಮೂರು ದಿನ ಮುನಿಗಂಗಮ್ಮ ಮನೆಯಲ್ಲಿ ಕುಳಿತರು. ಓದಿದ ಮನೆಗಷ್ಟೇ ಕೂಲಿಯಾದ್ದರಿಂದ ಆ ತಿಂಗಳು ಕೈಗೆ ಬಂದದ್ದು ಸೊನ್ನೆ. ಮಗಳು ಹರ್ಷಿತಳ ಡಿಗ್ರಿ ಪರೀಕ್ಷೆಯ ಶುಲ್ಕ ಗಂಡನೇ ಹೊಂದಿಸಿದರು. "ಅದಲ್ಲ ನಂಗೆ ಬೇಜಾರಾಗಿದ್ದು. ರೀಡಿಂಗ್ ತಪ್ಪು ಬರೀತಾಳೆ ಅಂದ್ರಲ್ಲ, ಅದು. ಇಪ್ಪತ್ತು ವರ್ಷದಲ್ಲಿ ಬೈದೋರುಂಟು, ನಾಯಿ ಬಿಟ್ಟೋರುಂಟು. ತಪ್ಪು ಓದ್ದೆ ಅಂತ ಯಾರೂ ಅಂದಿರ್ಲಿಲ್ಲ."

ವಿಚಾರಣೆಯ ದಿನ ಕಚೇರಿಯಲ್ಲಿ ಅಧಿಕಾರಿ ಹನುಮಂತರಾಯಪ್ಪ, ಒಂದು ಕಡೆ ಮನೋಹರ್, ಇನ್ನೊಂದು ಕಡೆ ಮುನಿಗಂಗಮ್ಮ. ಚಂದನ ಅರ್ಧ ದಿನ ರಜೆ ಹಾಕಿ ಬಂದು ಬಾಗಿಲ ಹತ್ತಿರ ನಿಂತಿದ್ದರು. ಆ ಹೊತ್ತಿಗಾಗಲೇ ಅಧಿಕಾರಿ ಬೇರೊಬ್ಬರನ್ನು ಕಳಿಸಿ ಮೀಟರ್ ಓದಿಸಿದ್ದರು. ಮುನಿಗಂಗಮ್ಮನ ಲೆಕ್ಕಕ್ಕೂ ಅದಕ್ಕೂ ಒಂದು ಯೂನಿಟ್ಟೂ ವ್ಯತ್ಯಾಸ ಇರಲಿಲ್ಲ. ಅಲ್ಲಿಗೇ ಮುಗಿಸಬಹುದಿತ್ತು. ಇವರು ಬಿಡಲಿಲ್ಲ.

"ಸಾರ್, ನಿಮ್ ಬಿಲ್ ಎಷ್ಟು ಬರುತ್ತೆ?" ಎಂದು ಮನೋಹರ್‌ರನ್ನೇ ಕೇಳಿದರು.

"ಎರಡೂವರೆ ಸಾವ್ರ."

"ಬಾಡ್ಗೆಯೋರಿಂದ ಎಷ್ಟು ಬರುತ್ತೆ?"

ಮನೋಹರ್ ಅಧಿಕಾರಿಯ ಮುಖ ನೋಡಿದರು. "ಎರಡು ಸಾವ್ರದ ಇನ್ನೂರು."

"ಅಲ್ಲಿಗೆ ನಿಮ್ ಕೈಯಿಂದ ತಿಂಗ್ಳಿಗೆ ಮುನ್ನೂರು ಹೋಗ್ತಿದೆ. ನಿಮ್ ಮನೇಲಿ ಉರಿಯೋದು ತೊಂಬತ್ತು ಯೂನಿಟ್ಟು. ಮಹಡಿ ಕಟ್ಟೋಕೆ ಮುಂಚಿನ ನಿಮ್ ಹಳೇ ಸರಾಸರಿ ನೂರ ಹತ್ತು, ಫ್ರೀ ಸಿಗೋದು ಆ ಸರಾಸರಿ ಮೇಲೆ. ಆ ನಾಲ್ಕ್ ಮನೇನ ಬೇರೆ ಮಾಡಿದ್ರೆ ತೊಂಬತ್ತಕ್ಕೆ ನಿಮ್ ಬಿಲ್ ಸೊನ್ನೆ ಸಾರ್. ಸೊನ್ನೆ! ಅವ್ರ ಹತ್ರ ಕಿತ್ತು, ನಿಮ್ ಕೈಯಿಂದ ಹಾಕಿ, ಆ ಮಗೂನ ಬೀದಿಗೆ ತಂದು, ನನ್ನ ಮನೇಲಿ ಕೂರ್ಸಿ, ಏನ್ ಸಿಕ್ತು ಸಾರ್ ನಿಮ್ಗೆ?"

ಮನೆಯ ಬಿಲ್ಲಿನ ಬೆನ್ನ ಮೇಲೆಯೇ ಮುನಿಗಂಗಮ್ಮ ಬರೆದು ತೋರಿಸಿದ ಲೆಕ್ಕವನ್ನು ಮನೋಹರ್ ಎರಡು ಸಲ ನೋಡಿದರಂತೆ. ಆಮೇಲೆ ಕೇಳಿದರಂತೆ: "ಇದನ್ನ ಮುಂಚೇನೇ ಹೇಳ್ಬಾರ್ದಿತ್ತೇನಮ್ಮಾ?"

ಈ ಮಾತು ಹೇಳುವಾಗ ಮುನಿಗಂಗಮ್ಮ ಈಗಲೂ ಹಣೆ ಹಣೆ ಚಚ್ಚಿಕೊಳ್ಳುತ್ತಾರೆ. "ಮೂರ್ ಸಲ ಹೋಗಿದ್ದೆ ಸಾರ್ ಅವ್ರ ಮನೆ ಬಾಗ್ಲಿಗೆ. ಮೂರ್ ಸಲ!"

ಮನೋಹರ್ ಅಲ್ಲೇ ದೂರು ವಾಪಸು ಪಡೆದರು, ಅರ್ಜಿಗೆ ಸಹಿ ಹಾಕಿದರು. ಯೂನಿಟ್ಟಿಗೆ ಹತ್ತು ರೂಪಾಯಿ ತೆಗೆದುಕೊಂಡು ಕರೆಂಟ್ ಮಾರುವಂತಿಲ್ಲ ಎಂದು ಹನುಮಂತರಾಯಪ್ಪ ಎಚ್ಚರಿಕೆಯನ್ನೂ ಕೊಟ್ಟರು. ಮುನಿಗಂಗಮ್ಮನಿಗೆ ಮಷಿನ್ ವಾಪಸು ಬಂತು. ಇಪ್ಪತ್ತಮೂರು ದಿನದ ಕೂಲಿ ಬರಲಿಲ್ಲ. ಹೊಸ ಮೀಟರುಗಳು ಗೋಡೆಗೆ ಹತ್ತಲು ಮತ್ತೆ ಎರಡೂವರೆ ತಿಂಗಳು ಹಿಡಿಯಿತು. ಒಂದು ಸಲ ಜಾಗದ ದಾಖಲೆ ಇಲ್ಲವೆಂದು, ಒಂದು ಸಲ ಫೋಟೋ ಮಸುಕೆಂದು ಅರ್ಜಿ ಹಿಂದಕ್ಕೆ ಬಂತು. ಪ್ರತಿ ಸಲವೂ ಅದನ್ನು ಹಿಡಿದು ಮಧ್ಯಾಹ್ನದ ಬಿಸಿಲಲ್ಲಿ ಪೇಟೆಗೆ ಹೋದವರು ಇವರೇ.

ಕತೆ ಇಲ್ಲಿಗೆ ಸುಖವಾಗಿ ಮುಗಿಯಿತು ಎಂದುಕೊಂಡು ನಾನು ಪೆನ್ನು ಮುಚ್ಚಲು ಹೋದೆ. ಮುನಿಗಂಗಮ್ಮ ನಕ್ಕರು. ನಗುವಿನಲ್ಲಿ ಸುಸ್ತೇ ಹೆಚ್ಚು. ಮೊದಲ ತಿಂಗಳು ಚಂದನ ಅವರ ಬಿಲ್ ಸೊನ್ನೆ ಬಂತು, ಅವತ್ತು ಕಾಫಿ ಕೊಟ್ಟರು. ಮೂರನೇ ತಿಂಗಳು ಊರಿಂದ ನೆಂಟರು ಬಂದು ಎಂಬತ್ತು ಯೂನಿಟ್ ಓಡಿತು. ಹಳೆಯ ಲೆಕ್ಕವಿಲ್ಲದ ಹೊಸ ಮೀಟರಿಗೆ ಉಚಿತ ಸಿಗುವುದು ಅರವತ್ತರ ಆಸುಪಾಸಿನವರೆಗೆ ಮಾತ್ರ. ಮಿಕ್ಕಿದ್ದಕ್ಕೆ ಬಿಲ್ ಬಂತು.

"ಇನ್ನೂರು ಫ್ರೀ ಅಂದ್ರಲ್ಲಕ್ಕಾ, ಮತ್ತೆ ಇದೇನು ಅಂತ ಶುರು ಹಚ್ಕೊಂಡ್ಲು. ಮತ್ತೆ ಮೆಟ್ಲು ಮೇಲೆ ಕೂತ್ಕೊಂಡು, ಮತ್ತೆ ಮೊದ್ಲಿಂದ."

ಚಂದನ ಈಗ ಇದನ್ನು ನಗುತ್ತಲೇ ಒಪ್ಪಿಕೊಳ್ಳುತ್ತಾರೆ. ಕಂಪನಿ ಬಸ್ಸಿನಲ್ಲಿ ಬಾಡಿಗೆ ಮನೆಯ ಹುಡುಗಿಯರು ಬಿಲ್ ತಂದರೆ ಓದಿ ಹೇಳುವವರು ಈಗ ಅವರೇ. "ಅಕ್ಕ ಬೈತಾ ಬೈತಾನೇ ಕಲ್ಸಿದ್ದು. ಮರೆಯಲ್ಲ."

ಹನ್ನೊಂದು ಗಂಟೆ. ಐವತ್ತೆಂಟನೇ ಮನೆ ಮುಗಿದಿದೆ. ಅಲ್ಲಿಯ ಗಂಡಸು ಬಿಲ್ಲಿನ ಮೊತ್ತವನ್ನಷ್ಟೇ ನೋಡಿ, ಜಾಸ್ತಿ ಬಂದಿದೆ ಎಂದು ಗೊಣಗಿ, ಚೀಟಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಒಳಗೆ ಹೋಗುತ್ತಾನೆ. ಯಾವ ತಾರೀಖಿನಿಂದ ಯಾವ ತಾರೀಖಿಗೆ, ಎಷ್ಟು ಯೂನಿಟ್, ಅವನು ಓದುವುದಿಲ್ಲ. ಸ್ಕೂಟರಿನ ಹತ್ತಿರ ಬಾಟಲಿಯ ನೀರು ಕುಡಿಯುತ್ತಿದ್ದ ಮುನಿಗಂಗಮ್ಮನನ್ನು, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಪ್ರಶ್ನೆಗೇ ರೇಗುತ್ತಾರೆ.

"ಏನ್ ಆಸೆ ಸಾರ್? ಕೆಲ್ಸ ಕಾಯಂ ಮಾಡಿ ಅಂತ ಕೇಳಿ ಕೇಳಿ ಬಾಯಿ ನೋವು ಬಂತು, ಅದನ್ನ ಬಿಟ್ಟಾಕಿ." ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡುತ್ತಾರೆ. "ಒಂದ್ ತಿಂಗ್ಳು, ಒಂದೇ ಒಂದ್ ತಿಂಗ್ಳು, ಬಿಲ್ ಕೈಗೆ ಕೊಟ್ಟಾಗ ಯಾರಾದ್ರೂ ಪೂರ್ತಿ ಓದಿ, 'ಸರಿಯಾಗಿದೆ ಗಂಗಮ್ಮ' ಅನ್ಲಿ. ಸರಿಯಾಗೇ ಇರುತ್ತೆ ಅದು. ಓದಿರೋಳು ನಾನು."