ನಿಂತ ಹೊರಸಿನ ಸೌತೆಬಳ್ಳಿ

ಐನಾಪುರದ ಹೊಲದಲ್ಲಿ ಬೆಳೆದ ಹುಡುಗಿಯನ್ನು ಶಹಾಬಾದಿಗೆ ಕೊಟ್ಟರೆ ಅವಳ ಕಾಲಿಗೆ ಮಣ್ಣೇ ಸಿಗುವುದಿಲ್ಲ. ನನ್ನ ಗತಿ ಹಾಗೆಯೇ ಆಯಿತು. ನಿಜಾಮರ ರಾಜ್ಯ ಇನ್ನೂ ಇದ್ದ ಕಾಲ ಅದು. ನಮ್ಮ ಮನೆಯವರು ಕಲ್ಲಿಗೆ ನುಣುಪು ಕೊಡುವ ಕೆಲಸದಲ್ಲಿದ್ದರು. ಹೀಗಾಗಿ ಮನೆಯಲ್ಲಿ ಪಡಸಾಲೆಗೂ ಪರಸಿ ಕಲ್ಲು, ಬಚ್ಚಲಿಗೂ ಪರಸಿ ಕಲ್ಲು, ಮಲಗುವ ಹೊರಸು ನಾಲ್ಕು ಹಾಕಿದರೆ ಮುಗಿದುಹೋಗುವ ಹಿತ್ತಲಿಗೂ ಪರಸಿ ಕಲ್ಲು. ನಮ್ಮತ್ತೆಗೆ ಆ ಹಿತ್ತಲೆಂದರೆ ಭಾರಿ ಅಭಿಮಾನ. ಅಲ್ಲಿ ಅವರು ಶ್ಯಾವಿಗೆ ಒಣಗಿಸುತ್ತಿದ್ದರು, ಹಪ್ಪಳ ಒಣಗಿಸುತ್ತಿದ್ದರು, ಒಂದು ಹುಲ್ಲಿನ ಎಸಳು ಸಂದಿಯಲ್ಲಿ ತಲೆಯೆತ್ತಿದರೂ ಕಿತ್ತು ಬಿಸಾಕುತ್ತಿದ್ದರು. ನನಗೋ ಆ ಹುಲ್ಲನ್ನು ಕಂಡರೆ ತವರಿನವರು ಬಂದಷ್ಟು ಸಂತೋಷ.

ಒಂದು ಬೇಸಿಗೆಯ ಕೊನೆಗೆ ಬಚ್ಚಲಿನ ಪಕ್ಕದ ಒಂದು ಕಲ್ಲು ಒಡೆಯಿತು. ಮನೆಯವರು ಅದನ್ನೆತ್ತಿ ಹೊರಗೆ ಹಾಕಿ, ಅದೇ ಅಳತೆಯ ಹೊಸ ಕಲ್ಲು ತಂದು ಗೋಡೆಗೆ ಒರಗಿಸಿದರು. ಎತ್ತಿದ ಜಾಗದಲ್ಲಿ ಕರಿ ಮಣ್ಣು ಇತ್ತು. ನಾನು ಕೈ ಹಾಕಿ ನೋಡಿದೆ, ಬಚ್ಚಲ ನೀರಿಗೆ ತಂಪಾಗಿ ಮೆತ್ತಗಿತ್ತು. ಮದುವೆಯಾಗಿ ಎರಡು ವರ್ಷಕ್ಕೆ ಮೊದಲ ಸಲ ನಾನು ಅತ್ತೆಯ ಹತ್ತಿರ ಏನನ್ನೋ ಕೇಳಿದೆ. ಆ ಕಲ್ಲು ಹಾಕುವುದು ಬೇಡ, ಅಲ್ಲಿ ಸೌತೆ ಹಾಕುತ್ತೇನೆ ಎಂದೆ.

ಅತ್ತೆ ನಕ್ಕರು. ಸೌತೆಬಳ್ಳಿಗೆ ಹೊಲದಲ್ಲಿ ಜೋಳದ ಸಾಲಿನ ಮಧ್ಯೆ ಹರಿದಾಡುವಷ್ಟು ನೆಲ ಬೇಕು, ಈ ಒಂದು ಕಲ್ಲಿನ ಜಾಗದಲ್ಲಿ ಅದೆಲ್ಲಿ ಹರಿಯುತ್ತದೆ, ನನ್ನ ಹಪ್ಪಳದ ಮೇಲೋ ಎಂದು ಕೇಳಿದರು. ಮೇಲಕ್ಕೆ ಹತ್ತಿಸುತ್ತೇನೆ ಎಂದೆ. ಮೇಲೆ ಹತ್ತುವುದು ಹೀರೆ, ಹಾಗಲ. ಸೌತೆ ಹತ್ತಿದ್ದನ್ನು ತಾವು ಕಂಡಿಲ್ಲ ಎಂದರು. ನಾನೂ ಕಂಡಿರಲಿಲ್ಲ. ಆದರೆ ಅಷ್ಟು ಹೊತ್ತಿಗೆ ನನಗೆ ಹಟ ಬಂದಿತ್ತು.

ಕೊನೆಗೆ ಅವರೊಂದು ಮಾತು ಹೇಳಿದರು. “ಪಂಚಮಿ ತನಕ ನೋಡ್ತೀನಿ. ಪಂಚಮಿ ದಿನ ಮನಿಮಂದಿಗೆಲ್ಲ ಆಗೋಷ್ಟು ಸೌತಿಕಾಯಿ ಆದ್ರ ಮಣ್ಣು ನಿಂದು. ಇಲ್ಲಾಂದ್ರ ಕಲ್ಲು ನಂದು.”

ರೋಹಿಣಿ ಮಳೆಯ ಮೊದಲ ಹನಿಗೆ ಬೀಜ ಊರಿದೆ. ನಾಲ್ಕು ಸಸಿ ಎದ್ದವು. ಹತ್ತಿಸುವುದಕ್ಕೆ ಏನು ಎಂದು ಯೋಚಿಸುತ್ತಿದ್ದಾಗ ಮನೆಯವರು ಬಹಳ ಉತ್ಸಾಹದಿಂದ ಒಂದು ಕಲ್ಲು ತಂದು ಸಸಿಗಳ ಹಿಂದೆ ನೆಟ್ಟಗೆ ನಿಲ್ಲಿಸಿದರು. ಶಹಾಬಾದಿನ ಗಂಡಸರಿಗೆ ಯಾವ ತೊಂದರೆ ಹೇಳಿದರೂ ಪರಿಹಾರ ಕಲ್ಲೇ. ಅವರೇ ಉಜ್ಜಿದ ಕಲ್ಲು, ಮುಖ ಕಾಣುವಷ್ಟು ನುಣುಪು. ಬಳ್ಳಿಯ ಸುರುಳಿ ಎಳೆಗಳು ಹಿಡಿಯಲು ಹೋಗಿ ಜಾರಿ ಬಿದ್ದವು. ಮಳೆ ಬಿಡುವು ಕೊಟ್ಟ ದಿನ ಬಿಸಿಲಿಗೆ ಕಲ್ಲು ಕಾದ ಹಂಚಾಯಿತು. ಸಂಜೆ ನೋಡಿದರೆ ಎರಡು ಸಸಿ ಸುಟ್ಟು ಸೊರಗಿದ್ದವು. ನಾನು ಅತ್ತೆ ಮನೆಗೆ ಬಂದ ಮೇಲೆ ಜೋರಾಗಿ ಸಿಟ್ಟು ಮಾಡಿದ್ದು ಆ ದಿನವೇ. ಮನೆಯವರು ಕಲ್ಲನ್ನು ತೆಗೆದು ಹೊರಗೆ ಒಯ್ದರು.

ಅಷ್ಟರಲ್ಲಿ ಅತ್ತೆ ವಾಡಿಯಲ್ಲಿದ್ದ ಮಗಳ ಮನೆಗೆ ಹೋದರು. ನಾದಿನಿಯ ಎರಡನೆಯ ಬಾಣಂತನ, ಒಂದು ತಿಂಗಳಾದರೂ ಬರುವ ಹಾಗಿರಲಿಲ್ಲ. ಹೋಗುವಾಗ ಉಳಿದ ಎರಡು ಸಸಿಗಳನ್ನೂ ಗೋಡೆಗೆ ಒರಗಿದ್ದ ಹೊಸ ಕಲ್ಲನ್ನೂ ಒಂದು ಸಲ ನೋಡಿ ಹೋದರು. ಆ ಒಂದು ನೋಟಕ್ಕೇ ನನಗೆ ಉರಿದುಹೋಯಿತು.

ಮರುದಿನ ಉಗ್ರಾಣದ ಮೂಲೆಯಲ್ಲಿ ಒಂದು ಹಳೆಯ ಹೊರಸು ಕಂಡಿತು. ಪುಂಡಿನಾರಿನ ನುಲಿಹಗ್ಗ, ಅಂಗೈ ಅಗಲದ ಕಣ್ಣು ಕಣ್ಣಾಗಿ ಹೆಣೆದದ್ದು, ನಡುವೆ ಅಷ್ಟಿಷ್ಟು ಹರಿದಿತ್ತು. ನಮ್ಮೂರಲ್ಲಿ ಬೆಳಗಾದರೆ ಹೊರಸುಗಳನ್ನೆಲ್ಲ ಎತ್ತಿ ಗೋಡೆಗೆ ನಿಲ್ಲಿಸುತ್ತಾರೆ. ಇಲ್ಲದಿದ್ದರೆ ಅಂಗಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾನೂ ಹಾಗೆಯೇ ಆ ಹೊರಸನ್ನು ಎಳೆದು ತಂದು, ಮಣ್ಣಿನ ಹಿಂದೆ ನೆಟ್ಟಗೆ ನಿಲ್ಲಿಸಿ, ಕಾಲುಗಳಿಗೆ ಕಲ್ಲಿನ ಚೂರು ಒತ್ತು ಕೊಟ್ಟೆ. ಸಂಜೆ ಬಂದ ಮನೆಯವರ ಮುಖ ಬಿಳಚಿಕೊಂಡಿತು. ಅವ್ವ ಬರುವುದರೊಳಗೆ ತೆಗೆದುಬಿಡು ಎಂದರು, ಯಾಕೆಂದು ಹೇಳಲಿಲ್ಲ. ತಾಯಿಗೆ ಹೆದರುವ ಗಂಡಸು ಎಂದುಕೊಂಡು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಮೇಲೆ ಆ ಬಳ್ಳಿಗಳು ಹತ್ತಿದ ಪರಿಯನ್ನು ನಾನು ಇವತ್ತಿಗೂ ಮರೆತಿಲ್ಲ. ಬೆಳಗ್ಗೆ ಒಂದು ಕಣ್ಣಲ್ಲಿದ್ದ ಕುಡಿ ಮರುದಿನ ಬೆಳಗ್ಗೆ ಮೇಲಿನ ಕಣ್ಣಲ್ಲಿ ಇರುತ್ತಿತ್ತು. ಎಳೆಗಳು ನುಲಿಯನ್ನು ಸುತ್ತಿಕೊಂಡು ಬಿಗಿಯಾಗಿ ಹಿಡಿಯುತ್ತಿದ್ದವು. ನಾನು ಪಾತ್ರೆ ತೊಳೆಯುವುದನ್ನು ಬಿಟ್ಟು ನೋಡುತ್ತ ನಿಲ್ಲುತ್ತಿದ್ದೆ. ಹಳದಿ ಹೂ ಬಂದವು, ಹಿಂದೆಯೇ ಮುಳ್ಳುಮುಳ್ಳಾದ ಬೆರಳುದ್ದದ ಮಿಡಿ ಬಂದವು. ಭಾರಕ್ಕೆ ಬಳ್ಳಿ ಜಗ್ಗಬಾರದೆಂದು ಹರಿದ ಸೀರೆಯ ತುಂಡಿನಿಂದ ಕಾಯಿಗೊಂದು ತೊಟ್ಟಿಲು ಕಟ್ಟಿದೆ. ಪಂಚಮಿಗೆ ಇನ್ನೂ ಹನ್ನೆರಡು ದಿನವಿತ್ತು.

ಆಗ ಪಕ್ಕದ ಮನೆಯವರು ಊರಿಗೆ ಬಂದರು. ಗಂಡ ಹೆಂಡತಿ ಇಬ್ಬರೂ ತಿಂಗಳಿಂದ ಸೇಡಮ್ಮಿನಲ್ಲಿ ಅವರ ಬೀಗರ ಮನೆಯಲ್ಲಿದ್ದರು. ಆ ಹೆಂಗಸನ್ನು ನಾನು ಅವರ ಮಾತಿನಲ್ಲೇ ಖಾಲಾ, ಚಿಕ್ಕಮ್ಮ, ಎನ್ನುತ್ತಿದ್ದೆ. ಅವರ ಮೇಕೆ ಯಾವುದೋ ಕಾಲದಲ್ಲಿ ನಮ್ಮತ್ತೆಯ ಶ್ಯಾವಿಗೆ ತಿಂದಿತ್ತಂತೆ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಬಂದ ಮರುದಿನ ಬೆಳಗ್ಗೆ ಖಾಲಾ ಬಟ್ಟೆ ಒಣಹಾಕಲು ಮಾಳಿಗೆ ಹತ್ತಿ ಈಚೆ ನೋಡಿದ್ದಾರೆ. ಸ್ವಲ್ಪ ಹೊತ್ತಿಗೆ ನಮ್ಮ ಬಾಗಿಲಲ್ಲಿ ನಿಂತು, ನನ್ನನ್ನು ತಬ್ಬಿಕೊಂಡು, ಎದೆ ಬಡಿದುಕೊಂಡು ಅಳಲು ಶುರುಮಾಡಿದರು. ಅಕ್ಕಾ ಹೋದಳು, ನಾನು ಊರಲ್ಲಿ ಇಲ್ಲದಾಗಲೇ ಹೋದಳು, ಒಂದು ಮಾತೂ ಆಡದೆ ಹೋದಳು ಎಂದು.

ಯಾರು ಹೋದದ್ದೆಂದು ತಿಳಿದುಕೊಳ್ಳಲು ನನಗೆ ಬಹಳ ಹೊತ್ತು ಹಿಡಿಯಿತು. ಈ ಮನೆಯಲ್ಲಿ ಹೊರಸನ್ನು ನೆಟ್ಟಗೆ ನಿಲ್ಲಿಸುವುದು ಯಾರಾದರೂ ತೀರಿಕೊಂಡಾಗ ಮಾತ್ರ. ನನ್ನ ಮಾವ ಲಿಂಗೈಕ್ಯರಾದದ್ದು ಇದೇ ಹೊರಸಿನ ಮೇಲೆ. ಅವತ್ತು ಅದನ್ನು ಇದೇ ಹಿತ್ತಲಲ್ಲಿ ಹೀಗೆಯೇ ನಿಲ್ಲಿಸಿದ್ದನ್ನು ಖಾಲಾ ಇದೇ ಮಾಳಿಗೆಯಿಂದ ಕಂಡಿದ್ದರು. ಈಗ ಹೊರಸು ನಿಂತಿದೆ, ಅತ್ತೆ ಕಾಣುತ್ತಿಲ್ಲ. ಬೇರೇನು ಅಂದುಕೊಂಡಾರು? ನಾನು ಸಾವಿರ ಸಲ ಹೇಳಿ, ಕೈಹಿಡಿದು ಕರೆದೊಯ್ದು ಸೌತೆಕಾಯಿ ತೋರಿಸಿದ ಮೇಲೆ ಅವರ ಅಳು ನಿಂತಿತು. ನಿಂತದ್ದೇ ತಡ, ತಲೆಯ ಮೇಲೆ ಕೈ ಹೊತ್ತರು. ಅವರ ಗಂಡ ವಾಡಿ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದರು. ಸುದ್ದಿ ಕೇಳಿಕೊಂಡೇ ರೈಲು ಹತ್ತಿದ್ದರು, ತಾಯಿ ಕಳೆದುಕೊಂಡ ನನ್ನ ನಾದಿನಿಗೆ ಸಮಾಧಾನ ಹೇಳಿ ಕೆಲಸಕ್ಕೆ ಹೋಗುತ್ತೇನೆ ಎಂದು.

ಅಲ್ಲಿ ಬಾಗಿಲು ತೆರೆದದ್ದು ನಮ್ಮತ್ತೆಯೇ.

ಮಧ್ಯಾಹ್ನ ಊಟಕ್ಕೆ ಬಂದ ಮನೆಯವರು ವಿಷಯ ಕೇಳಿ ಹೊರಸಿಗೆ ಕೈ ಹಾಕಿದರು. ನಾನು ಅಡ್ಡ ನಿಂತೆ. ನುಲಿಯಿಂದ ಬಿಡಿಸಿದರೆ ಬಳ್ಳಿ ಚೂರುಚೂರಾಗುತ್ತದೆ, ಇಷ್ಟು ದಿನ ಕಾಯ್ದದ್ದೆಲ್ಲ ಮಣ್ಣುಪಾಲು, ಅದರ ಮೇಲೆ ಕಲ್ಲು. ಬೈಸಿಕೊಳ್ಳುವವಳು ನಾನು, ನೀವು ಹೋಗಿ ಎಂದೆ. ಹೇಳಿದೆನೇನೋ ಸರಿ, ಸಂಜೆಯ ರೈಲಿನ ಸೀಟಿ ಕೇಳಿದಾಗ ಬಚ್ಚಲಿನ ಮರೆಗೆ ಸರಿದು ನಿಂತೆ.

ಅತ್ತೆ ಗಂಟನ್ನು ಕೆಳಗಿಡದೆ ನೇರ ಹಿತ್ತಲಿಗೆ ಬಂದರು. “ಯಾರ ಸತ್ತಾರ ಈ ಮನ್ಯಾಗ?”

“ಯಾರೂ ಇಲ್ರಿ ಅತ್ತಿ. ನಮ್ಮೂರಾಗ ಹೊರಸು ಹಿಂಗೇ ನಿಂದ್ರಸ್ತಾರ್ರಿ. ನನಗ ಗೊತ್ತಿದ್ದಿಲ್ರಿ.”

ಅವರು ಹೊರಸಿನ ಹತ್ತಿರ ಹೋದರು. ಅದರ ಚೌಕಟ್ಟಿನ ಮೇಲೆ ಕೈಯಿಟ್ಟರು. ಮಾವನ ನೆನಪಾಗಿರಬೇಕು. ಆಮೇಲೆ ಅವರ ಬೆರಳು ಎಲೆಯೊಂದನ್ನು ಸರಿಸಿತು. ಒಳಗೆ ಸೀರೆಯ ತುಂಡಿನ ತೊಟ್ಟಿಲು, ತೊಟ್ಟಿಲಲ್ಲಿ ಗೇಣುದ್ದದ ಕಾಯಿ. ಮೊಮ್ಮಗನನ್ನು ತೊಟ್ಟಿಲಲ್ಲಿ ಬಿಟ್ಟು ಬಂದ ಕೈ ಅದು. ಅದನ್ನು ಒಂದು ಸಲ ಮೆಲ್ಲಗೆ ತೂಗಿತು.

“ಆಕಿ ಅತ್ತಳಂತ, ಖರೇನ?” ಎಂದು ಕೇಳಿದರು.

ನಾನು ಎಲ್ಲ ಹೇಳಿದೆ. ಎದೆ ಬಡಿದುಕೊಂಡದ್ದು, ಒಂದು ಮಾತೂ ಆಡದೆ ಹೋದಳೆಂದು ಗೋಳಾಡಿದ್ದು. ಅತ್ತೆ ಕಣ್ಣೊರೆಸಿಕೊಂಡು, ಕೂಡಲೇ ಮುಖ ಬಿಗಿಮಾಡಿ, ಆಡಿದ ಮಾತು ಮಾತೇ, ಪಂಚಮಿ ತನಕ ಇರಲಿ ಎಂದು ಒಳಗೆ ಹೋದರು.

ಪಂಚಮಿಯ ಬೆಳಗ್ಗೆ ನಾನು ಕಿತ್ತ ಕಾಯಿಗಳಿಗೆ ಬುಟ್ಟಿ ಸಾಲಲಿಲ್ಲ, ಉಡಿಯಲ್ಲಿ ತುಂಬಿಕೊಂಡೆ. ನೆಲದ ಮೇಲೆ ಬೆಳೆದ ಸೌತೆ ಡೊಂಕಾಗುತ್ತದೆ, ಮಣ್ಣಿಗೆ ತಾಗಿದ ಕಡೆ ಹಳದಿಯಾಗುತ್ತದೆ. ಇವು ಕೋಲಿನಂತೆ ನೆಟ್ಟಗೆ, ಸುತ್ತಲೂ ಒಂದೇ ಹಸಿರು. ಅತ್ತೆ ಒಂದನ್ನು ತಿರುಗಿಸಿ ತಿರುಗಿಸಿ ನೋಡಿದರು, ಸಂತೆಯಿಂದ ತರಿಸಿಲ್ಲ ತಾನೇ ಎಂದು ಕೇಳುವುದನ್ನೂ ಬಿಡಲಿಲ್ಲ. ಪಚಡಿ ಮಾಡಲು ನಾನು ಈಳಿಗೆ ತೆಗೆದೆ. ಅತ್ತೆ ನನ್ನ ಕೈಹಿಡಿದರು. ಪಂಚಮಿ ದಿನ ಏನನ್ನೂ ಹೆಚ್ಚಬಾರದು, ಸಂಭ್ರಮದಲ್ಲಿ ಅದನ್ನೇ ಮರೆತಿದ್ದೆ. ಅವರು ಕಾಯನ್ನು ಎರಡು ಕೈಯಲ್ಲಿ ಹಿಡಿದು ಲಟ್ಟೆಂದು ಮುರಿದರು. ಅರ್ಧ ತಾವು ಕಚ್ಚಿದರು. ಇನ್ನರ್ಧ ಹಿಡಿದುಕೊಂಡು ಗೋಡೆಯ ಹತ್ತಿರ ಹೋಗಿ, ಎಷ್ಟೋ ವರ್ಷದ ಮೇಲೆ ಖಾಲಾ ಅವರನ್ನು ಹೆಸರು ಹಿಡಿದು ಕರೆದರು. ಆಚೆಯಿಂದ ಒಂದು ಕೈ ಬಂತು. ಆಮೇಲೆ ಗೋಡೆಯ ಎರಡೂ ಕಡೆ ಸೌತೆಕಾಯಿ ಕಚ್ಚುವ ಸಪ್ಪಳ ಬಹಳ ಹೊತ್ತು ಕೇಳಿತು. ನನ್ನ ಖುಷಿಗೆ ಪಾರವಿರಲಿಲ್ಲ. ಆ ಬೆಳಗ್ಗೆ ಇಡೀ ಶಹಾಬಾದು ನನ್ನದೇ ಅನ್ನಿಸಿತ್ತು.

ಸಂಜೆ ಮನೆಯವರು ಗೋಡೆಗೆ ಒರಗಿದ್ದ ಹೊಸ ಕಲ್ಲನ್ನು ಏನು ಮಾಡಬೇಕೆಂದು ಕೇಳಿದರು. ನಾಳೆ ಎಲ್ಲಿಂದ ತಂದೆಯೋ ಅಲ್ಲಿಗೇ ಒಯ್ಯಿ, ಬರುವಾಗ ಹಾರೆ ತಂದು ಪಕ್ಕದ ಕಲ್ಲನ್ನೂ ಎತ್ತು, ಹೀರೆ ಹಾಕಬೇಕು ಎಂದರು ಅತ್ತೆ. ಹೀರೆಯನ್ನು ಯಾವುದಕ್ಕೆ ಹಬ್ಬಿಸಲಿ, ಮನೆಯಲ್ಲಿ ಇನ್ನೊಂದು ಹಳೆಯ ಹೊರಸಿಲ್ಲವಲ್ಲ ಎಂದು ನಾನು ಕೇಳಿದೆ.

“ನಾ ಮಲಗೋ ಹೊರಸು ತಗೊಂಡು ನಿಂದರಸು,” ಎಂದರು. “ನಾ ಹ್ಯಾಂಗೂ ಒಮ್ಮಿ ಸತ್ತು ಬಂದೀನಿ.”